ಮಾಲಿನ್ಯ ಎಂದು ಬರೆದರೆ ಅಂಕವಿಲ್ಲ

ಎ.ಪಿ. ಎನ್ವಿರಾನ್‌ಮೆಂಟಲ್ ಸೈನ್ಸ್ ಎಂಬುದು ಅಮೆರಿಕದ ಹೈಸ್ಕೂಲುಗಳಲ್ಲಿ ಮೇಲಿನ ತರಗತಿಯ ಮಕ್ಕಳು ಓದುವ ಕಾಲೇಜು ಮಟ್ಟದ ಪರಿಸರ ವಿಜ್ಞಾನ. ಎ.ಪಿ. ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಶಾಲೆಯಲ್ಲಿದ್ದಾಗಲೇ ಕಾಲೇಜಿನ ಮೊದಲ ವರ್ಷದ ಪಾಠ ಓದಿ, ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆ ಬರೆದು, ಒಳ್ಳೆಯ ಅಂಕ ಬಂದರೆ ಮುಂದೆ ಕಾಲೇಜಿನಲ್ಲಿ ಆ ಪಾಠದಿಂದ ವಿನಾಯಿತಿ ಪಡೆಯುವ ಏರ್ಪಾಡು ಇದು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1950ರ ದಶಕದಿಂದ ಇದನ್ನು ನಡೆಸಿಕೊಂಡು ಬಂದಿದೆ. ಗಣಿತ, ಇತಿಹಾಸ, ರಸಾಯನಶಾಸ್ತ್ರಗಳಿಗೆ ಮೊದಲಿನಿಂದಲೂ ಜಾಗವಿದ್ದ ಈ ಪಟ್ಟಿಗೆ ಪರಿಸರ ವಿಜ್ಞಾನ ಸೇರಿದ್ದು ಬಹಳ ತಡವಾಗಿ. ಅದರ ಮೊದಲ ಪರೀಕ್ಷೆ ನಡೆದದ್ದು 1998ರಲ್ಲಿ. ಈಗ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಅದನ್ನು ಬರೆಯುತ್ತಾರೆ. ಬೇ ಏರಿಯಾದಿಂದ ನ್ಯೂಜೆರ್ಸಿಯವರೆಗೆ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ.

ಈ ಕೋರ್ಸಿಗೆ ಸೇರುವವರು ಅದಕ್ಕೆ ಮೊದಲು ಎರಡು ವರ್ಷ ಪ್ರಯೋಗಶಾಲೆಯ ವಿಜ್ಞಾನ ಓದಿರಬೇಕು, ಅದರಲ್ಲಿ ಒಂದು ಜೀವಶಾಸ್ತ್ರದ ಕಡೆಯದು, ಇನ್ನೊಂದು ಭೌತವಿಜ್ಞಾನದ ಕಡೆಯದು ಆಗಿರಬೇಕು, ಜೊತೆಗೆ ಒಂದು ವರ್ಷದ ಬೀಜಗಣಿತವಾದರೂ ಗೊತ್ತಿರಬೇಕು ಎಂದು ಕಾಲೇಜ್ ಬೋರ್ಡ್ ಸಲಹೆ ಕೊಡುತ್ತದೆ. ಇದು ಸಲಹೆ ಮಾತ್ರ. ಆದ್ದರಿಂದ ಎಷ್ಟೋ ಶಾಲೆಗಳಲ್ಲಿ ಒಂಬತ್ತು, ಹತ್ತನೆಯ ತರಗತಿಯವರೂ ಬಂದು ಕೂರುತ್ತಾರೆ. ಎ.ಪಿ. ವಿಜ್ಞಾನಗಳಲ್ಲಿ ಇದೇ ಸುಲಭದ್ದು ಎಂಬ ಮಾತು ಮಕ್ಕಳ ನಡುವೆ ಹಬ್ಬಿದೆ, ತಂದೆತಾಯಿಗಳೂ ಅದನ್ನು ನಂಬುತ್ತಾರೆ. ಭೌತಶಾಸ್ತ್ರದಲ್ಲಿ ಇರುವಂಥ ಕಠಿಣ ಗಣಿತ ಇಲ್ಲಿಲ್ಲ, ರಸಾಯನಶಾಸ್ತ್ರದಷ್ಟು ಸಮೀಕರಣಗಳಿಲ್ಲ ಎಂಬುದು ನಿಜ. ಆದರೆ ಅಂಕಗಳು ಬೇರೆ ಮಾತು ಹೇಳುತ್ತವೆ. 1ರಿಂದ 5ರವರೆಗೆ ಕೊಡುವ ಶ್ರೇಣಿಯಲ್ಲಿ 3 ಬಂದರೆ ತೇರ್ಗಡೆ ಎಂದು ಲೆಕ್ಕ. 2023ರಲ್ಲಿ ಈ ಪರೀಕ್ಷೆ ಬರೆದವರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ ಆ ಗೆರೆ ದಾಟಿದರು. 5 ಪಡೆದವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಸುಲಭ ಎಂದುಕೊಂಡ ವಿಷಯದಲ್ಲಿ ಇಷ್ಟೊಂದು ಮಕ್ಕಳು ಎಡವುವುದೇಕೆ ಎಂಬ ಪ್ರಶ್ನೆಗೆ ಉತ್ತರ ಪಾಠದ ಒಳಗೇ ಇದೆ: ಪರಿಸರದ ಬಗ್ಗೆ ಸಾಮಾನ್ಯವಾಗಿ ಜನ ಆಡುವ ಮಾತನ್ನು ಈ ಕೋರ್ಸು ಒಪ್ಪಿಕೊಳ್ಳುವುದಿಲ್ಲ. ‘ಮಾಲಿನ್ಯವಾಗುತ್ತದೆ’, ‘ಪ್ರಾಣಿಗಳು ಸಾಯುತ್ತವೆ’, ‘ಪರಿಸರಕ್ಕೆ ಹಾನಿ’ ಎಂದು ಬರೆದ ಉತ್ತರಕ್ಕೆ ಅಂಕವಿಲ್ಲ. ಯಾವ ವಸ್ತು, ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಹೋಯಿತು, ಯಾರಿಗೆ ಹೇಗೆ ತಾಗಿತು ಎಂದು ಹೆಸರು ಹಿಡಿದು ಹೇಳಬೇಕು. ಈ ಬಿಗಿಯೇ ಈ ಪಾಠದ ದೊಡ್ಡ ಗುಣ.

2019ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಲ್ಲಿ ಒಂಬತ್ತು ಘಟಕಗಳಿವೆ. ಮೊದಲೆರಡು ಜೀವಲೋಕಕ್ಕೆ ಮೀಸಲು. ಸೂರ್ಯನ ಬೆಳಕು ಎಲೆಯಲ್ಲಿ ಆಹಾರವಾಗಿ, ಎಲೆಯಿಂದ ಹುಳುವಿಗೆ, ಹುಳುವಿನಿಂದ ಹಕ್ಕಿಗೆ ಸಾಗುವಾಗ ಪ್ರತಿ ಮೆಟ್ಟಿಲಲ್ಲೂ ಹತ್ತರಲ್ಲಿ ಒಂದು ಪಾಲು ಮಾತ್ರ ಮುಂದಕ್ಕೆ ಹೋಗುತ್ತದೆ ಎಂಬ ಅಂದಾಜಿನಿಂದ ಪಾಠ ಶುರುವಾಗುತ್ತದೆ. ಹುಲ್ಲಿನಲ್ಲಿ 10,000 ಕಿಲೊಕ್ಯಾಲರಿ ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಹಾವಿಗೆ 10. ಕಾಡಿನಲ್ಲಿ ಜಿಂಕೆಗಳು ಅಷ್ಟೊಂದು ಇದ್ದು ಹುಲಿಗಳು ಇಷ್ಟೇ ಏಕೆ ಎಂಬುದಕ್ಕೆ ಈ ಲೆಕ್ಕದಲ್ಲೇ ಕಾರಣ ಸಿಗುತ್ತದೆ. ಇಂಗಾಲ, ಸಾರಜನಕ, ರಂಜಕ, ನೀರು ಇವುಗಳ ಚಕ್ರಗಳೂ ಇಲ್ಲೇ ಬರುತ್ತವೆ. ಜೀವವೈವಿಧ್ಯದ ಘಟಕದಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ 1967ರಲ್ಲಿ ಮಂಡಿಸಿದ ದ್ವೀಪಗಳ ಸಿದ್ಧಾಂತವಿದೆ: ದ್ವೀಪ ದೊಡ್ಡದಾದಷ್ಟೂ, ಮುಖ್ಯ ಭೂಭಾಗಕ್ಕೆ ಹತ್ತಿರವಾದಷ್ಟೂ ಅಲ್ಲಿ ಪ್ರಭೇದಗಳು ಹೆಚ್ಚು. ರಸ್ತೆ, ತೋಟ, ಅಣೆಕಟ್ಟುಗಳ ನಡುವೆ ತುಂಡುತುಂಡಾಗಿ ಉಳಿದ ಕಾಡಿಗೂ ಇದೇ ಮಾತು ಅನ್ವಯಿಸುತ್ತದೆ. ನಾರ್ಮನ್ ಮೈಯರ್ಸ್ ಗುರುತಿಸಿದ ಜೀವವೈವಿಧ್ಯದ ಹಾಟ್‌ಸ್ಪಾಟ್‌ಗಳ ಭೂಪಟ ಸಾಮಾನ್ಯವಾಗಿ ಈ ಪಾಠದ ಜೊತೆಗಿರುತ್ತದೆ. ಬೇರೆಲ್ಲೂ ಸಿಗದ 1,500 ಸಸ್ಯ ಪ್ರಭೇದಗಳಾದರೂ ಇರಬೇಕು, ಮೂಲ ಸಸ್ಯಸಂಪತ್ತಿನಲ್ಲಿ ನೂರಕ್ಕೆ ಎಪ್ಪತ್ತು ಪಾಲಾದರೂ ಆಗಲೇ ಕಳೆದುಹೋಗಿರಬೇಕು ಎಂಬ ಎರಡು ಷರತ್ತು ಪೂರೈಸುವ ಜಾಗಗಳ ಪೈಕಿ ಶ್ರೀಲಂಕಾದೊಡನೆ ಸೇರಿದ ಪಶ್ಚಿಮ ಘಟ್ಟವೂ ಒಂದು. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆಂದು ಶಿರಸಿಗೋ ಮೂಡಿಗೆರೆಗೋ ಬಂದುಹೋದ ಹುಡುಗಿಗೆ ಆ ಭೂಪಟದ ಮೇಲಿನ ಬಣ್ಣದ ಪಟ್ಟಿ ಪರಿಚಯದ ನೆಲ.

ಮೂರನೆಯ ಘಟಕ ಜನಸಂಖ್ಯೆ ಮತ್ತು ಪ್ರಾಣಿಸಂಖ್ಯೆ. ಇಲ್ಲಿ ಸೇಂಟ್ ಮ್ಯಾಥ್ಯೂ ದ್ವೀಪದ ಕಥೆಯನ್ನು ಹೇಳದ ಮೇಷ್ಟರು ಕಡಿಮೆ. ಬೇರಿಂಗ್ ಸಮುದ್ರದ ನಡುವೆ ಇರುವ ಈ ನಿರ್ಜನ ದ್ವೀಪಕ್ಕೆ 1944ರಲ್ಲಿ ಅಮೆರಿಕದ ಕರಾವಳಿ ಪಡೆ 29 ಹಿಮಸಾರಂಗಗಳನ್ನು ತಂದು ಬಿಟ್ಟಿತು. ಅಲ್ಲಿದ್ದ ಸಿಬ್ಬಂದಿಗೆ ಕಷ್ಟಕಾಲದಲ್ಲಿ ಆಹಾರವಾಗಲಿ ಎಂಬುದು ಉದ್ದೇಶ. ಯುದ್ಧ ಮುಗಿದು ಸಿಬ್ಬಂದಿ ಹೊರಟುಹೋದರು, ಸಾರಂಗಗಳು ಉಳಿದವು. ಬೇಟೆಯಾಡುವ ತೋಳಗಳಿಲ್ಲ, ನೆಲದ ತುಂಬ ಅಂಗುಲಗಟ್ಟಲೆ ದಪ್ಪದ ಕಲ್ಲುಹೂವಿನ ಹಾಸು. 1963ರ ಹೊತ್ತಿಗೆ ಅವುಗಳ ಸಂಖ್ಯೆ 6,000 ಆಯಿತು. ನಿಧಾನವಾಗಿ ಬೆಳೆಯುವ ಕಲ್ಲುಹೂವು ಅಷ್ಟು ಬಾಯಿಗಳಿಗೆ ಸಾಲದೆ ಬೋಳಾಯಿತು. ಅದರ ಮೇಲೆ ಆ ವರ್ಷ ಕಠೋರವಾದ ಚಳಿಗಾಲ ಬಂತು. 1966ರಲ್ಲಿ ಎಣಿಸಲು ಹೋದವರಿಗೆ ಸಿಕ್ಕಿದ್ದು 42. ಅವುಗಳಲ್ಲಿ ಗಂಡು ಒಂದೇ ಒಂದು. ಮುಂದೆ ಅವೂ ಅಳಿದವು. ಒಂದು ನೆಲ ಎಷ್ಟು ಜೀವಗಳನ್ನು ತಾಳಬಲ್ಲದು, ಆ ಮಿತಿ ದಾಟಿದಾಗ ಆ ನೆಲದ ತಾಳಿಕೆಯೇ ಹೇಗೆ ಕುಗ್ಗುತ್ತದೆ ಎಂಬ ಎರಡು ಅಂಶಗಳನ್ನೂ ಈ ಕಥೆ ಒಟ್ಟಿಗೆ ಕಲಿಸುತ್ತದೆ. ಎರಡನೆಯದನ್ನು ಮಕ್ಕಳು ಹೆಚ್ಚಾಗಿ ಮರೆಯುತ್ತಾರೆ. ಗೆರೆ ಮೇಲೇರಿ ಕೆಳಗಿಳಿಯಿತು ಎಂದು ಬರೆದು ಸುಮ್ಮನಾಗುತ್ತಾರೆ. ಮೇವೇ ಹಾಳಾದದ್ದರಿಂದ ಮೊದಲಿನ 29ರಷ್ಟು ಪ್ರಾಣಿಗಳಿಗೂ ಆ ದ್ವೀಪ ಮೊದಲಿನ ದ್ವೀಪವಾಗಿ ಉಳಿದಿರಲಿಲ್ಲ ಎಂದು ಬರೆಯುವುದಿಲ್ಲ.

ಮನುಷ್ಯರ ಸಂಖ್ಯೆಯ ಲೆಕ್ಕ ಇದರ ಮುಂದುವರಿಕೆ. ವರ್ಷಕ್ಕೆ ಶೇಕಡಾ 2ರಂತೆ ಬೆಳೆಯುವ ಜನಸಂಖ್ಯೆ ಇಮ್ಮಡಿಯಾಗಲು 70ನ್ನು 2ರಿಂದ ಭಾಗಿಸಿದರೆ ಬರುವಷ್ಟು ವರ್ಷ, ಅಂದರೆ 35 ವರ್ಷ ಸಾಕು. ಹೆಣ್ಣುಮಕ್ಕಳ ಓದು, ಶಿಶುಮರಣದ ಇಳಿತ ಇವು ಹೆರಿಗೆಯ ದರವನ್ನು ಹೇಗೆ ತಗ್ಗಿಸುತ್ತವೆ ಎಂಬ ವಿವರಣೆ ಇಲ್ಲಿ ಬರುತ್ತದೆ. ಭಾರತದ ಮನೆಗಳ ಮಕ್ಕಳಿಗೆ ಇದನ್ನು ಬೇರೆ ಉದಾಹರಣೆ ಹುಡುಕಿ ಹೇಳಬೇಕಾಗಿಲ್ಲ. ಎಂಟು ಹತ್ತು ಮಕ್ಕಳ ಮುತ್ತಜ್ಜಿ, ನಾಲ್ಕು ಮಕ್ಕಳ ಅಜ್ಜಿ, ಎರಡು ಮಕ್ಕಳ ಅಮ್ಮ ಎಂಬ ಮೂರು ತಲೆಮಾರಿನ ಸಾಲು ಅವರ ಮನೆಯಲ್ಲೇ ಇರುತ್ತದೆ.

ಭೂಮಿ, ಗಾಳಿ, ಮಣ್ಣುಗಳ ನಾಲ್ಕನೆಯ ಘಟಕವನ್ನು ದಾಟಿದರೆ ಐದನೆಯದು ನೆಲ ಮತ್ತು ನೀರಿನ ಬಳಕೆ. ಇದರ ಬಾಗಿಲಲ್ಲೇ ಗ್ಯಾರೆಟ್ ಹಾರ್ಡಿನ್ ನಿಂತಿದ್ದಾರೆ. ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬ ದನಗಾಹಿಯೂ ತನ್ನ ಲಾಭಕ್ಕೆ ಇನ್ನೊಂದು ದನ ಸೇರಿಸುತ್ತಾ ಹೋದರೆ ಕೊನೆಗೆ ಹುಲ್ಲೇ ಇಲ್ಲವಾಗುತ್ತದೆ ಎಂದು ಅವರು 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ಪಠ್ಯಕ್ರಮ ಈ ವಾದಕ್ಕೆ ದೊಡ್ಡ ಜಾಗ ಕೊಟ್ಟಿದೆ. ಎಲಿನಾರ್ ಆಸ್ಟ್ರಮ್ ಅದಕ್ಕೆ ಕೊಟ್ಟ ಉತ್ತರಕ್ಕೂ ಅಷ್ಟೇ ಜಾಗ ಸಿಗಬೇಕಿತ್ತು. ಊರವರು ತಾವೇ ಕಟ್ಟಳೆ ಮಾಡಿಕೊಂಡು ಕಾಡು, ಮೀನು, ನೀರಾವರಿ ಕಾಲುವೆಗಳನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಉದಾಹರಣೆಗಳನ್ನು ಹಲವು ದೇಶಗಳಿಂದ ಅವರು ಕಲೆಹಾಕಿದರು; 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ನೋಡಿಕೊಳ್ಳಲೆಂದೇ ನೀರುಗಂಟಿಯನ್ನು ಇಟ್ಟುಕೊಂಡಿದ್ದ ಬಯಲುಸೀಮೆಯ ಊರುಗಳು ಆಸ್ಟ್ರಮ್ ಹೇಳಿದ್ದಕ್ಕೆ ಹತ್ತಿರದ ಸಾಕ್ಷಿ. ಅದೇ ಬಯಲುಸೀಮೆಯಲ್ಲಿ ಕೆರೆಗಳು ಬತ್ತಿ, ಕೋಲಾರದ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದದ್ದು ಹಾರ್ಡಿನ್ ಹೇಳಿದ್ದಕ್ಕೂ ಸಾಕ್ಷಿ. ಪಠ್ಯಪುಸ್ತಕದಲ್ಲಿ ಅಂತರ್ಜಲದ ಕುಸಿತಕ್ಕೆ ಉದಾಹರಣೆಯಾಗಿ ಬರುವುದು ಎಂಟು ರಾಜ್ಯಗಳ ಅಡಿಯಲ್ಲಿ ಹರಡಿರುವ ಓಗಲಾಲಾ ಜಲಪದರ. ಒಬ್ಬ ರೈತನ ಮೋಟಾರು ಜೋರಾಗಿ ಎಳೆದಾಗ ಪಕ್ಕದವನ ಬಾವಿಯ ನೀರು ಇಳಿಯುವ ಬಗೆ ಎರಡು ಕಡೆಯೂ ಒಂದೇ.

ಈ ಘಟಕದಲ್ಲಿ ಶುರುವಾಗಿ ಎಂಟನೆಯ ಘಟಕದಲ್ಲಿ ಮುಗಿಯುವ ಒಂದು ದಾರಿ ಈ ಕೋರ್ಸಿನ ಬೆನ್ನುಮೂಳೆ. ಅದು ಸಾರಜನಕದ ದಾರಿ. ಅಯೋವಾದ ಮೆಕ್ಕೆಜೋಳದ ಹೊಲಕ್ಕೆ ವಸಂತದಲ್ಲಿ ಗೊಬ್ಬರ ಹಾಕುತ್ತಾರೆ. ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ಹೇಬರ್-ಬಾಷ್ ವಿಧಾನ 1913ರಲ್ಲಿ ಕಾರ್ಖಾನೆಗೆ ಬಂದ ಮೇಲೆ ಈ ಗೊಬ್ಬರಕ್ಕೆ ಕೊರತೆಯಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶವಿದೆ, ನೈಟ್ರೇಟಿನ ಮೇಲೂ ಅದೇ ಇದೆ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳಲಾರದು. ಬೆಳೆ ಹೀರದೆ ಬಿಟ್ಟದ್ದು ಮಳೆಯ ನೀರಿನಲ್ಲಿ ಬಸಿದು ಹಳ್ಳಕ್ಕೆ, ಹಳ್ಳದಿಂದ ಮಿಸಿಸಿಪ್ಪಿಗೆ, ಅಲ್ಲಿಂದ ಮೆಕ್ಸಿಕೊ ಕೊಲ್ಲಿಗೆ ಸೇರುತ್ತದೆ. ಕೊಲ್ಲಿಯಲ್ಲಿ ಪಾಚಿ ಸೊಕ್ಕಿ ಬೆಳೆಯುತ್ತದೆ. ಬೆಳೆದ ಪಾಚಿ ಸತ್ತು ತಳಕ್ಕೆ ಇಳಿಯುತ್ತದೆ. ತಳದಲ್ಲಿ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಇಳಿದ ಮೇಲೆ ಮೀನು, ಸೀಗಡಿಗಳು ಅಲ್ಲಿಂದ ಓಡಿಹೋಗಬೇಕು, ಓಡಲಾರದವು ಸಾಯಬೇಕು. ಪ್ರತಿ ಬೇಸಿಗೆಯಲ್ಲೂ ಆಗುವ ಈ ಸತ್ತ ವಲಯವನ್ನು ವಿಜ್ಞಾನಿಗಳು ಹಡಗಿನಲ್ಲಿ ಸುತ್ತಿ ಅಳೆಯುತ್ತಾರೆ. 2017ರಲ್ಲಿ ಅದು 22,000 ಚದರ ಕಿಲೊಮೀಟರಿಗೂ ಮಿಕ್ಕಿ ಹರಡಿತ್ತು.

ಮಕ್ಕಳ ಉತ್ತರಗಳು ಜಾರುವುದು ಈ ಸರಪಳಿಯ ನಡುವಿನ ಕೊಂಡಿಗಳಲ್ಲಿ. ‘ಗೊಬ್ಬರ ನೀರಿಗೆ ಸೇರಿ ಮೀನು ಸಾಯುತ್ತವೆ’ ಎಂದು ಬರೆದವರಿಗೆ ಗೊಬ್ಬರವೇ ಮೀನಿಗೆ ವಿಷ ಎಂಬ ಭಾವನೆ ಇರುತ್ತದೆ. ‘ಪಾಚಿ ಆಮ್ಲಜನಕವನ್ನೆಲ್ಲ ಕುಡಿಯುತ್ತದೆ’ ಎಂದು ಬರೆದವರು ಬ್ಯಾಕ್ಟೀರಿಯಾವನ್ನು ಬಿಟ್ಟಿರುತ್ತಾರೆ. ಕೊಳೆಸುವ ಜೀವಿಗಳ ಹೆಸರು ಹೇಳಿ, ಆಮ್ಲಜನಕ ಯಾರಿಂದ ಯಾಕೆ ಖರ್ಚಾಯಿತು ಎಂದು ಬರೆದವರಿಗಷ್ಟೇ ಆ ಅಂಕ. ಇದು ಪರೀಕ್ಷಕರ ಹಟವಲ್ಲ. ಎಲ್ಲಿ ಕೊಂಡಿ ಇದೆ ಎಂದು ಗೊತ್ತಿದ್ದವರಿಗೆ ಎಲ್ಲಿ ಕತ್ತರಿಸಬೇಕು ಎಂಬುದೂ ಗೊತ್ತಾಗುತ್ತದೆ: ಹೊಲದ ಅಂಚಿನಲ್ಲಿ ಹುಲ್ಲಿನ ಪಟ್ಟಿ ಬೆಳೆಸಬಹುದು, ಗೊಬ್ಬರವನ್ನು ಬೆಳೆ ಹೀರುವ ಹೊತ್ತಿಗೆ ಸರಿಯಾಗಿ ಹಾಕಬಹುದು, ಹಳ್ಳ ನದಿಗೆ ಸೇರುವಲ್ಲಿ ಜೌಗು ನೆಲವನ್ನು ಉಳಿಸಿಕೊಳ್ಳಬಹುದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ, ಅಂತರಗಂಗೆ, ಮೀನುಗಳ ಸಾವು ಇದೇ ವ್ಯಾಕರಣದಲ್ಲಿ ಬಿಡಿಸಿಕೊಳ್ಳುತ್ತವೆ. ಅಲ್ಲಿ ಹೊಲದ ಗೊಬ್ಬರದ ಜಾಗದಲ್ಲಿ ಊರಿನ ಚರಂಡಿ ನೀರೂ ಮಾರ್ಜಕಗಳ ರಂಜಕವೂ ಇವೆ.

ಆರನೆಯ ಘಟಕ ಇಂಧನ ಮತ್ತು ವಿದ್ಯುತ್ತಿನದು. ಕಲ್ಲಿದ್ದಲು, ಅನಿಲ, ಅಣುಶಕ್ತಿ, ನೀರು, ಗಾಳಿ, ಬಿಸಿಲು ಒಂದೊಂದರ ಗುಣದೋಷಗಳನ್ನೂ ಇಲ್ಲಿ ತೂಗುತ್ತಾರೆ. ಯಾವ ಮೂಲವೂ ಪೂರ್ತಿ ಒಳ್ಳೆಯದಲ್ಲ ಎಂದು ಪಾಠ ಸ್ಪಷ್ಟವಾಗಿ ಹೇಳುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟಿನ ಸೌರ ಪಾರ್ಕಿಗೆ ಹೊಗೆಯಿಲ್ಲ, ಆದರೆ ಅಷ್ಟು ನೆಲ ಬೇಕು, ರಾತ್ರಿಯಲ್ಲಿ ವಿದ್ಯುತ್ತಿಲ್ಲ. ಇಂಥ ಮಾತನ್ನು ಸಂಖ್ಯೆಯಲ್ಲಿ ಹೇಳುವ ಅಭ್ಯಾಸವನ್ನು ಈ ಘಟಕ ಮಾಡಿಸುತ್ತದೆ.

ಏಳನೆಯದು ಗಾಳಿ. 1948ರಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ, 1952ರಲ್ಲಿ ಲಂಡನ್. ಎರಡೂ ಕಡೆ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತು ಹೊಗೆ ಮೇಲೇಳದೆ ಜನ ಸತ್ತರು. ಎಂಟನೆಯದರಲ್ಲಿ ನೀರು ಮತ್ತು ನೆಲಕ್ಕೆ ಸೇರುವ ವಿಷಗಳಿವೆ. ಓಹಾಯೊದ ಕ್ಲೀವ್‌ಲ್ಯಾಂಡ್ ನಗರದ ಕಯಹೋಗಾ ನದಿಗೆ 1969ರ ಜೂನಿನಲ್ಲಿ ಬೆಂಕಿ ಬಿತ್ತು. ಆ ನದಿ ಅದಕ್ಕೆ ಮೊದಲೂ ಹಲವು ಸಲ ಹೊತ್ತಿ ಉರಿದಿತ್ತು. ‘ಟೈಮ್’ ಪತ್ರಿಕೆ ಆ ವರದಿಯ ಜೊತೆ ಅಚ್ಚು ಹಾಕಿದ ಚಿತ್ರ 1952ರ ಬೆಂಕಿಯದು. ಆದರೂ 1969ರ ಬೆಂಕಿ ದೇಶದ ಕಣ್ಣು ತೆರೆಸಿತು. 1972ರಲ್ಲಿ ಬಂದ ಶುದ್ಧ ನೀರಿನ ಕಾಯ್ದೆಯ ಹಿಂದೆ ಅದರ ನೆನಪಿತ್ತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಎದ್ದ ದಟ್ಟ ಹೊಗೆಯನ್ನು ಕಂಡವರು ಈ ಪುಟವನ್ನು ಓದಿ ಮುಂದಕ್ಕೆ ಹೋಗಲಾರರು. ಕೀಟನಾಶಕಗಳ ಪಾಠದಲ್ಲಿ ರೇಚಲ್ ಕಾರ್ಸನ್ ಅವರ 1962ರ ‘ಸೈಲೆಂಟ್ ಸ್ಪ್ರಿಂಗ್’ ಬರುತ್ತದೆ. ಡಿಡಿಟಿ ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಉಳಿದು, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಹದ್ದಿಗೆ ಏರುತ್ತಾ ಸಾಂದ್ರವಾಗಿ, ಹದ್ದಿನ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಒಡೆಯತೊಡಗಿತು. 2001ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಹಿಯಾದ ಒಪ್ಪಂದ ಇಂಥ ಅಳಿಯದ ವಿಷಗಳ ವಿರುದ್ಧ ಮಾಡಿದ್ದು. 2011ರಲ್ಲಿ ಆ ಒಪ್ಪಂದದ ಪಟ್ಟಿಗೆ ಸೇರಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಕಾಸರಗೋಡು, ದಕ್ಷಿಣ ಕನ್ನಡಗಳ ಗೇರುತೋಟಗಳ ಸುತ್ತ ಬದುಕುವವರಿಗೆ ಪರೀಕ್ಷೆಯ ಪದವಲ್ಲ, ಮನೆಯ ನೋವು.

ಒಂಬತ್ತನೆಯ ಘಟಕ ಜಾಗತಿಕ ಬದಲಾವಣೆ. ಪರೀಕ್ಷೆಯಲ್ಲಿ ಅತಿ ಹೆಚ್ಚು ತೂಕ, ಶೇಕಡಾ 15ರಿಂದ 20, ಇದಕ್ಕೇ. ಓಜೋನ್ ರಂಧ್ರದಿಂದ ಬಿಸಿಲು ಒಳನುಗ್ಗಿ ಭೂಮಿ ಬಿಸಿಯಾಗುತ್ತಿದೆ ಎಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿ ಎಷ್ಟು ಆಳವಾಗಿದೆಯೆಂದರೆ ಅದನ್ನು ಕೀಳುವುದಕ್ಕೇ ಮೇಷ್ಟರು ಒಂದೆರಡು ದಿನ ಇಡಬೇಕಾಗುತ್ತದೆ. ಓಜೋನಿನದು ಅತಿನೇರಳೆ ಕಿರಣದ ಕಥೆ. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲದಿಂದ ಬಿಡುಗಡೆಯಾದ ಕ್ಲೋರಿನ್ ಮೇಲಿನ ಓಜೋನನ್ನು ಒಡೆಯುತ್ತದೆ ಎಂದು ಮೊಲಿನಾ ಮತ್ತು ರೋಲಂಡ್ 1974ರಲ್ಲಿ ತೋರಿಸಿದರು, 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಅದು ತೆಳುವಾದದ್ದು ಪ್ರಕಟವಾಯಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಬಿಸಿಯೇರುವಿಕೆ ಅವಕೆಂಪು ಕಿರಣದ ಕಥೆ. ಭೂಮಿ ಹೊರಸೂಸುವ ಶಾಖವನ್ನು ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳು ಹೀರಿ ಮತ್ತೆ ಕೆಳಕ್ಕೂ ಕಳಿಸುತ್ತವೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ಶುರು ಮಾಡಿದಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 315 ಪಿಪಿಎಂ (ಹತ್ತು ಲಕ್ಷದಲ್ಲಿ 315 ಭಾಗ) ಆಸುಪಾಸು ಇತ್ತು. ಈಗ 420 ದಾಟಿದೆ. ಆ ಗೆರೆ ಗರಗಸದ ಹಲ್ಲುಗಳಂತೆ ವರ್ಷಕ್ಕೊಮ್ಮೆ ಇಳಿದು ಏರುತ್ತದೆ, ಏಕೆಂದರೆ ಉತ್ತರ ಗೋಳಾರ್ಧದ ಕಾಡುಗಳು ಬೇಸಿಗೆಯಲ್ಲಿ ಅನಿಲವನ್ನು ಹೀರುತ್ತವೆ, ಚಳಿಗಾಲದಲ್ಲಿ ಮರಳಿಸುತ್ತವೆ. ನೆಲದ ಹತ್ತಿರದ ಓಜೋನು ಇನ್ನೂ ಬೇರೆ. ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಹುಟ್ಟಿಸುವ ಅದು ಶ್ವಾಸಕೋಶವನ್ನು ಸುಡುತ್ತದೆ. ಈ ಮೂರನ್ನು ಮೂರಾಗಿಯೇ ಹಿಡಿದಿಡಬಲ್ಲ ಹದಿನೇಳರ ಹುಡುಗನಿಗೆ ದಿನಪತ್ರಿಕೆಯ ಎಷ್ಟೋ ವರದಿಗಳ ಗೊಂದಲ ತಾನಾಗಿ ಕಾಣತೊಡಗುತ್ತದೆ.

ಪಾಠದ ಸಮಯದಲ್ಲಿ ನಾಲ್ಕರಲ್ಲಿ ಒಂದು ಪಾಲಾದರೂ ಪ್ರಯೋಗಕ್ಕೋ ಹೊರಗಿನ ಅಧ್ಯಯನಕ್ಕೋ ಹೋಗಬೇಕು ಎಂದು ಕಾಲೇಜ್ ಬೋರ್ಡ್ ಕಡ್ಡಾಯ ಮಾಡಿದೆ. ದುಬಾರಿ ಸಲಕರಣೆ ಹೆಚ್ಚೇನೂ ಬೇಡ. ಮಣ್ಣಿನ ಪ್ರಯೋಗಕ್ಕೆ ಮುಚ್ಚಳವಿರುವ ಒಂದು ಗಾಜಿನ ಬಾಟಲಿ ಸಾಕು. ಮೂರನೆಯ ಒಂದು ಭಾಗದಷ್ಟು ಮಣ್ಣು ಹಾಕಿ, ಮೇಲೆ ನೀರು ತುಂಬಿ, ಬಟ್ಟೆ ತೊಳೆಯುವ ಪುಡಿಯನ್ನು ಚಿಟಿಕೆಯಷ್ಟು ಸೇರಿಸಿ, ಕೈ ಸೋಲುವವರೆಗೆ ಕುಲುಕಿ ಮೇಜಿನ ಮೇಲಿಡುತ್ತಾರೆ. ಒಂದೆರಡು ನಿಮಿಷದಲ್ಲಿ ಮರಳು ಕೆಳಗೆ ಕೂರುತ್ತದೆ. ಕೆಲವು ಗಂಟೆಗಳಲ್ಲಿ ಅದರ ಮೇಲೆ ಗೋಡು ಬಂದು ನಿಲ್ಲುತ್ತದೆ. ಜೇಡಿ ಮಾತ್ರ ನೀರನ್ನು ಕೆಂಪಾಗಿಯೋ ಕಂದಾಗಿಯೋ ಕದಡಿಟ್ಟು ಒಂದು ದಿನ, ಕೆಲವು ಸಲ ಎರಡು ದಿನ ತೆಗೆದುಕೊಳ್ಳುತ್ತದೆ. ಎಲೆಯ ಚೂರು, ಬೇರಿನ ತುಣುಕು ಮೇಲೆ ತೇಲುತ್ತಿರುತ್ತವೆ. ಸ್ಕೇಲು ಹಿಡಿದು ಮೂರು ಪದರಗಳನ್ನು ಅಳೆದು, ಶೇಕಡಾವಾರು ಮಾಡಿ, ತ್ರಿಕೋನಾಕಾರದ ನಕ್ಷೆಯ ಮೇಲೆ ಮೂರು ಗೆರೆ ಎಳೆದರೆ ಅವು ಕೂಡುವ ಜಾಗದಲ್ಲಿ ಆ ಮಣ್ಣಿನ ಜಾತಿ ಯಾವುದೆಂದು ಬರೆದಿರುತ್ತದೆ. ತಮ್ಮ ಹಿತ್ತಲಿನ ಮಣ್ಣಿನಲ್ಲಿ ನೀರು ಏಕೆ ನಿಲ್ಲುತ್ತದೆ ಅಥವಾ ಏಕೆ ನಿಲ್ಲುವುದಿಲ್ಲ ಎಂಬುದು ಮಕ್ಕಳಿಗೆ ಬಾಟಲಿಯಲ್ಲೇ ಕಾಣುತ್ತದೆ.

ಇನ್ನೊಂದು ಪ್ರಯೋಗದಲ್ಲಿ ಮೂಲಂಗಿ ಬೀಜಗಳನ್ನು ಒದ್ದೆ ಕಾಗದದ ಮೇಲೆ ಹರಡಿ, ಒಂದು ತಟ್ಟೆಗೆ ಬರೀ ನೀರು, ಉಳಿದವಕ್ಕೆ ಹೆಚ್ಚುತ್ತಾ ಹೋಗುವ ಉಪ್ಪಿನ ನೀರು ಹಾಕಿ, ಎಷ್ಟು ಉಪ್ಪಿಗೆ ಅರ್ಧ ಬೀಜಗಳು ಮೊಳೆಯದೆ ಉಳಿಯುತ್ತವೆ ಎಂದು ನೋಡುತ್ತಾರೆ. ವಿಷದ ಪ್ರಮಾಣ ಮತ್ತು ಪರಿಣಾಮದ ಪಾಠ ಇದರಿಂದ ಕೈಗೆ ಬರುತ್ತದೆ. ಹೊಳೆಗೆ ಹೋದ ದಿನ ಕಲ್ಲುಗಳನ್ನು ಎತ್ತಿ ತಿರುವಿ ಅಡಿಯಲ್ಲಿ ಅಂಟಿಕೊಂಡ ಮೇಫ್ಲೈ ಎಂಬ ಕೀಟದ ಮರಿಗಳನ್ನು ಎಣಿಸುತ್ತಾರೆ. ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಅವು ಬದುಕಲಾರವು, ಆದ್ದರಿಂದ ಅವುಗಳ ಇರವೇ ನೀರಿನ ಆರೋಗ್ಯದ ಗುರುತು.

ಪರೀಕ್ಷೆ ಎರಡು ಗಂಟೆ ನಲವತ್ತು ನಿಮಿಷದ್ದು. ಮೊದಲ ತೊಂಬತ್ತು ನಿಮಿಷದಲ್ಲಿ 80 ಬಹುಆಯ್ಕೆಯ ಪ್ರಶ್ನೆಗಳು. ಅವಕ್ಕೆ ಒಟ್ಟು ತೂಕದಲ್ಲಿ ಶೇಕಡಾ 60. ಉಳಿದ ಎಪ್ಪತ್ತು ನಿಮಿಷದಲ್ಲಿ ಮೂರು ದೊಡ್ಡ ಪ್ರಶ್ನೆಗಳಿಗೆ ಬರೆದು ಉತ್ತರಿಸಬೇಕು. ಒಂದರಲ್ಲಿ ಪ್ರಯೋಗವನ್ನು ರೂಪಿಸಬೇಕು, ಒಂದರಲ್ಲಿ ಸಮಸ್ಯೆಯನ್ನು ಬಿಡಿಸಿ ಪರಿಹಾರ ಹೇಳಬೇಕು, ಮೂರನೆಯದರಲ್ಲಿ ಪರಿಹಾರದ ಜೊತೆ ಲೆಕ್ಕವನ್ನೂ ಮಾಡಬೇಕು. 2025ರಿಂದ ಎಲ್ಲವೂ ಕಂಪ್ಯೂಟರಿನ ಮೇಲೆ. ಪ್ರಶ್ನೆಯಲ್ಲಿ ‘ಗುರುತಿಸಿ’ ಎಂದಿದ್ದರೆ ಹೆಸರು ಹೇಳಿದರೆ ಸಾಕು. ‘ವಿವರಿಸಿ’ ಎಂದಿದ್ದರೆ ಅದರ ಲಕ್ಷಣ ಬೇಕು. ‘ಕಾರಣ ತಿಳಿಸಿ’ ಎಂದಿದ್ದರೆ ಹೇಗೆ, ಏಕೆ ಎಂಬ ಕೊಂಡಿ ಬೇಕು. ಜಾಣ ಮಕ್ಕಳೂ ಈ ಮೂರನ್ನು ಒಂದೇ ಎಂದುಕೊಂಡು ಅಂಕ ಬಿಡುತ್ತಾರೆ.

ಲೆಕ್ಕದ ಪ್ರಶ್ನೆ ಯಾವ ಬಗೆಯದು ಎಂಬುದಕ್ಕೆ ಒಂದು ಮಾದರಿ ಹೀಗಿರಬಹುದು. ಒಂದು ಊರಿನಲ್ಲಿ 10,000 ಮನೆಗಳಿವೆ, ಒಂದೊಂದು ಮನೆಗೆ ವರ್ಷಕ್ಕೆ 9,000 ಕಿಲೊವ್ಯಾಟ್ ಗಂಟೆ ವಿದ್ಯುತ್ ಬೇಕು. 2 ಮೆಗಾವ್ಯಾಟಿನ ಗಾಳಿಯಂತ್ರಗಳು ತಮ್ಮ ಪೂರ್ಣ ಶಕ್ತಿಯ ಶೇಕಡಾ 30ರಷ್ಟನ್ನು ವರ್ಷದ ಸರಾಸರಿಯಲ್ಲಿ ಕೊಡುತ್ತವೆ. ಎಷ್ಟು ಯಂತ್ರ ಬೇಕು? ಊರಿನ ಅಗತ್ಯ 9 ಕೋಟಿ ಕಿಲೊವ್ಯಾಟ್ ಗಂಟೆ. ಒಂದು ಯಂತ್ರ ಕೊಡುವುದು 2,000 ಕಿಲೊವ್ಯಾಟ್, ವರ್ಷದ 8,760 ಗಂಟೆ, ಅದರಲ್ಲಿ ಶೇಕಡಾ 30, ಗುಣಿಸಿದರೆ 52,56,000. ಭಾಗಿಸಿದರೆ 17.12. ಹದಿನೇಳು ಯಂತ್ರ ಊರಿಗೆ ಸಾಲದು, ಆದ್ದರಿಂದ ಹದಿನೆಂಟು. ಗಣಿತ ಏಳನೆಯ ತರಗತಿಯದೇ. ಮೆಗಾವ್ಯಾಟನ್ನು ಕಿಲೊವ್ಯಾಟಿಗೆ ತಿರುಗಿಸುವುದು, ಪ್ರತಿ ಹೆಜ್ಜೆಯಲ್ಲೂ ಮಾನಗಳನ್ನು ಬರೆಯುವುದು, ಕೊನೆಯಲ್ಲಿ ಬಂದ ಸಂಖ್ಯೆಯ ಅರ್ಥವೇನೆಂದು ಯೋಚಿಸುವುದು ಇವೇ ಕಷ್ಟ. ಉತ್ತರ ಸರಿಯಿದ್ದು ಹಂತಗಳನ್ನು ತೋರಿಸದಿದ್ದರೆ ಹಂತದ ಅಂಕವಿಲ್ಲ. ಕಿಲೊವ್ಯಾಟ್ ಗಂಟೆಯನ್ನು ಕರ್ನಾಟಕದ ಮನೆಗಳು ಯೂನಿಟ್ ಎಂಬ ಹೆಸರಿನಲ್ಲಿ ತಿಂಗಳು ತಿಂಗಳೂ ಕರೆಂಟ್ ಬಿಲ್ಲಿನಲ್ಲಿ ನೋಡುತ್ತವೆ. ಚಿತ್ರದುರ್ಗದ ಗುಡ್ಡಗಳ ಸಾಲಿನಲ್ಲಿ ತಿರುಗುವ ಯಂತ್ರಗಳಿಗೂ ಇದೇ ಲೆಕ್ಕ.

ಜೂನಿನಲ್ಲಿ ಶಾಲೆ ಕಾಲೇಜುಗಳ ಅಧ್ಯಾಪಕರು ಸೇರಿ ಬರಹದ ಉತ್ತರಗಳನ್ನು ಓದುತ್ತಾರೆ, ಜುಲೈನಲ್ಲಿ ಫಲಿತಾಂಶ. ಎಷ್ಟಕ್ಕೆ ವಿನಾಯಿತಿ ಕೊಡಬೇಕು ಎಂಬುದು ಆಯಾ ಕಾಲೇಜಿಗೆ ಬಿಟ್ಟದ್ದು. ಹಲವರು 3ಕ್ಕೆ ಕೊಡುತ್ತಾರೆ, ಕೆಲವರು 4 ಅಥವಾ 5 ಕೇಳುತ್ತಾರೆ, ಏನೂ ಕೊಡದ ಕಾಲೇಜುಗಳೂ ಇವೆ. ಎಂಜಿನಿಯರಿಂಗ್ ಸೇರುವವರಿಗೆ ಈ ವಿನಾಯಿತಿಯಿಂದ ಹೆಚ್ಚಿನ ಉಪಯೋಗವಿಲ್ಲದಿರಬಹುದು. ಅದೊಂದೇ ಕಾರಣಕ್ಕೆ ಕೋರ್ಸನ್ನೇ ಬಿಡಿಸುವ ಮನೆಗಳು ಮಗುವಿಗೆ ದೊಡ್ಡದೊಂದನ್ನು ತಪ್ಪಿಸುತ್ತವೆ. ಮುಂದೆ ಆಕೆ ಸೇತುವೆ ಕಟ್ಟಲಿ, ಸಾಫ್ಟ್‌ವೇರ್ ಬರೆಯಲಿ, ನೀರು ಮತ್ತು ವಿದ್ಯುತ್ತು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬ ಲೆಕ್ಕವನ್ನು ಬೇರೆ ಯಾವ ಶಾಲಾಪಾಠವೂ ಇಷ್ಟು ಒಟ್ಟಾಗಿ ಹೇಳಿಕೊಡುವುದಿಲ್ಲ. ಕೋರ್ಸಿಗೆ ಕೊರತೆಗಳೂ ಇವೆ. ನೆನಪಿಡಬೇಕಾದ ಕಾನೂನುಗಳಲ್ಲಿ ಹೆಚ್ಚಿನವು ಅಮೆರಿಕದವು. ಎಂಟನೆಯ ಘಟಕದ ವಿಷಗಳ ಬಗ್ಗೆ ಓದಿದವರು ಭೋಪಾಲದ 1984ರ ವಿಷಾನಿಲದ ರಾತ್ರಿಯ ಬಗ್ಗೆ ಒಂದು ಸಾಲನ್ನೂ ಓದದೆ ಪರೀಕ್ಷೆ ಮುಗಿಸಬಹುದು.

ಭಾರತದಲ್ಲಿ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರಲ್ಲಿ ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಪ್ರಾಥಮಿಕ ತರಗತಿಗಳಲ್ಲಿ ಪರಿಸರ ಅಧ್ಯಯನವಿದೆ, ಪದವಿ ತರಗತಿಗಳಲ್ಲೂ ಒಂದು ಕಡ್ಡಾಯ ಪತ್ರಿಕೆಯಿದೆ. ಕರ್ನಾಟಕದ ಪಿಯುಸಿಯಲ್ಲಿ ಜೀವಿ-ಪರಿಸರದ ಅಧ್ಯಾಯಗಳು ಬರುವುದು ಜೀವಶಾಸ್ತ್ರದ ಪುಸ್ತಕದ ಕೊನೆಯ ಭಾಗದಲ್ಲಿ. ವಾಣಿಜ್ಯ, ಕಲಾ ವಿಭಾಗದವರು ಆ ಪುಸ್ತಕವನ್ನು ತೆರೆಯುವುದಿಲ್ಲ; ವಿಜ್ಞಾನದಲ್ಲೂ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡವರಿಗೆ ಅದು ಸಿಗುವುದಿಲ್ಲ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಲೆಕ್ಕ, ಪ್ರಯೋಗ, ಕಾರಣಗಳ ಸರಪಳಿ ಮೂರನ್ನೂ ಸೇರಿಸಿ ಪರಿಸರವನ್ನು ಓದಬಯಸುವ ಇಲ್ಲಿಯ ವಿದ್ಯಾರ್ಥಿಗಾಗಲಿ, ಹಾಗೆ ಕಲಿಸಬಯಸುವ ಉಪನ್ಯಾಸಕರಿಗಾಗಲಿ ಒಂದು ಅನುಕೂಲವಿದೆ. ಎ.ಪಿ. ಪಠ್ಯಕ್ರಮದ ಪೂರ್ತಿ ವಿವರಣೆಯನ್ನೂ ಹಿಂದಿನ ವರ್ಷಗಳ ಬರಹದ ಪ್ರಶ್ನೆಗಳನ್ನೂ ಅಂಕ ಕೊಡುವ ನಿಯಮಗಳನ್ನೂ ಕಾಲೇಜ್ ಬೋರ್ಡ್ ಉಚಿತವಾಗಿ ಇಳಿಸಿಕೊಳ್ಳಲು ಇಟ್ಟಿದೆ. ಅವುಗಳಲ್ಲಿ ಓಗಲಾಲಾ ಇರುವಲ್ಲಿ ಕೋಲಾರವನ್ನೂ ಕಯಹೋಗಾ ಇರುವಲ್ಲಿ ಬೆಳ್ಳಂದೂರನ್ನೂ ಇಟ್ಟುಕೊಂಡರೆ ಪ್ರಶ್ನೆಗಳ ಬಿಗಿ ಸ್ವಲ್ಪವೂ ಸಡಿಲವಾಗುವುದಿಲ್ಲ.